ನೇರಳೆ ಮಣಿಗಳ ಪೊದೆ: ಬ್ಯೂಟಿಬೆರಿ

ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗಿಬಂದ ನಮ್ಮ ಹಿರಿಯರು ಅಲ್ಲಿನ ಹಿತ್ತಲಿನ ಒಂದು ಪೊದೆಯನ್ನು ತಪ್ಪದೆ ನೆನೆಯುತ್ತಾರೆ. ಶರತ್ಕಾಲ ಬಂತೆಂದರೆ ಅದರ ಕೊಂಬೆಯ ಗೆಣ್ಣುಗೆಣ್ಣಿನಲ್ಲಿಯೂ ಹೊಳೆಯುವ ನೇರಳೆ ಮಣಿಗಳ ಗೊಂಚಲು! ಅದೇ ಬ್ಯೂಟಿಬೆರಿ. ಇದರ ಶಾಸ್ತ್ರೀಯ ನಾಮ ಕ್ಯಾಲಿಕಾರ್ಪ ಅಮೆರಿಕಾನ. ಗ್ರೀಕ್ ಮೂಲದ ಕ್ಯಾಲಿಕಾರ್ಪ ಎಂಬ ಪದಕ್ಕೆ ‘ಚೆಲುವಾದ ಹಣ್ಣು’ ಎಂದೇ ಅರ್ಥ.

ಜಾರ್ಜಿಯಾ, ಫ್ಲಾರಿಡಾ, ಟೆಕ್ಸಾಸ್ ಮೊದಲಾದ ರಾಜ್ಯಗಳ ಕಾಡಂಚಿನಲ್ಲಿ ಇದು ತಾನಾಗಿಯೇ ಬೆಳೆಯುತ್ತದೆ. ಎತ್ತರ ಸಾಮಾನ್ಯವಾಗಿ 3ರಿಂದ 6 ಅಡಿ. ಬೇಸಿಗೆಯ ಆರಂಭದಲ್ಲಿ ಅರಳುವ ತಿಳಿಗೆಂಪು ಹೂಗಳು ಬಲು ಚಿಕ್ಕವು. ಮರದ ನೆರಳಿನಲ್ಲಿಯೂ ಗಿಡ ಬದುಕುತ್ತದೆಯಾದರೂ ಬಿಸಿಲು ಬಿದ್ದರೆ ಹಣ್ಣು ಹೆಚ್ಚು. ಒಂಟಿ ಗಿಡಕ್ಕಿಂತ ಎರಡು ಮೂರನ್ನು ಒಟ್ಟಿಗೆ ನೆಟ್ಟರೆ ಪರಾಗಸ್ಪರ್ಶ ಚೆನ್ನಾಗಿ ಆಗಿ ಗೊಂಚಲುಗಳು ತುಂಬಿಕೊಳ್ಳುತ್ತವೆ. ನೀರು ನಿಲ್ಲದ ಮಣ್ಣು ಅಗತ್ಯ. ಬೇಸಿಗೆಯ ಎಳೆಯ ಕಡ್ಡಿಗಳಿಂದ ಹೊಸ ಗಿಡ ಮಾಡಿಕೊಳ್ಳಬಹುದು.

ಹೊಸಬರು ಹಿಂಜರಿಯುವುದು ಸವರುವ ವಿಷಯದಲ್ಲಿ. ಹೂವು ಬಿಡುವುದು ಆಯಾ ವರ್ಷದ ಹೊಸ ಚಿಗುರಿನಲ್ಲಿ. ಆದುದರಿಂದ ಎಲೆಯುದುರಿದ ಪೊದೆಯನ್ನು ಚಳಿಗಾಲದ ಕೊನೆಗೆ ನೆಲದಿಂದ ಒಂದಡಿಯಷ್ಟು ಬಿಟ್ಟು ಕತ್ತರಿಸಿದರೂ ಆ ವರ್ಷದ ಫಲಕ್ಕೆ ಹಾನಿಯಿಲ್ಲ. ಚಿಗುರಿದ ಮೇಲೆ ಕತ್ತರಿಸಿದರೆ ಮಾತ್ರ ಆ ವರ್ಷದ ಹೂವಿಗೂ ಹಣ್ಣಿಗೂ ಕುಂದುಂಟಾಗುತ್ತದೆ.

ಇದರ ಸೊಪ್ಪನ್ನು ಅಲ್ಲಿನ ರೈತರು ಹಿಂದೆ ಕೀಟಗಳನ್ನು ದೂರವಿಡಲು ಬಳಸುತ್ತಿದ್ದರು. ಸೊಳ್ಳೆಯನ್ನು ತಡೆಯುವ ಅಂಶಗಳು ಎಲೆಯಲ್ಲಿರುವುದನ್ನು ವಿಜ್ಞಾನಿಗಳು 2005ರಲ್ಲಿ ಗುರುತಿಸಿದರು. ಹಣ್ಣನ್ನು ಹಕ್ಕಿಗಳು ತಿಂದು ಬೀಜವನ್ನು ದೂರದೂರಕ್ಕೆ ಹರಡುತ್ತವೆ.

ಈ ಕೊನೆಯ ಮಾತನ್ನು ನಾವು ಮರೆಯಬಾರದು. ಚೆಲುವಿಗೆ ಮರುಳಾಗಿ ನಾಲ್ಕು ಹಣ್ಣನ್ನು ಪೆಟ್ಟಿಗೆಯಲ್ಲಿಟ್ಟು ತರುವ ಆಸೆ ಸಹಜ. ಆದರೆ ಅನುಮತಿಯಿಲ್ಲದೆ ಬೀಜ, ಗಿಡಗಳನ್ನು ದೇಶದೊಳಕ್ಕೆ ತರುವುದನ್ನು 2003ರ ಸಸ್ಯ ಸಂಪರ್ಕನಿಷೇಧ ಆದೇಶವು ತಡೆಯುತ್ತದೆ. ಅದಕ್ಕೆ ಕಾರಣವೂ ಇದೆ. 19ನೇ ಶತಮಾನದಲ್ಲಿ ಅಲಂಕಾರಕ್ಕೆಂದು ಬಂದ ಲಂಟಾನ ಇದೇ ರೀತಿ ಹಕ್ಕಿಗಳ ಮೂಲಕ ಹರಡಿ, ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳನ್ನು ಆವರಿಸಿ ಕುಳಿತಿದೆ.

ಅಷ್ಟಕ್ಕೂ ಈ ಕುಲ ನಮಗೆ ಹೊಸದಲ್ಲ. ಪಶ್ಚಿಮಘಟ್ಟದಲ್ಲಿಯೇ ಕ್ಯಾಲಿಕಾರ್ಪ ಟೊಮೆಂಟೋಸ ಎಂಬ ಇದರ ಬಂಧು ನೇರಳೆ ಹೂಗೊಂಚಲು ಹೊತ್ತು ನಿಂತಿದೆ. ಅಲ್ಲಿನ ಪೊದೆಯನ್ನು ಮಕ್ಕಳು ಅಲ್ಲಿಯೇ ಬೆಳೆಸಲಿ. ಊರಿಗೆ ಹೋದಾಗ ನಾವು ನಮ್ಮ ಘಟ್ಟದ ಗಿಡವನ್ನು ಮೊಮ್ಮಕ್ಕಳಿಗೆ ತೋರಿಸೋಣ.