ಹಾಲು ಮತ್ತು ಚಿಪ್ಪುಮೀನುಗಳ ತನಿಖೆಗೆ ಸರ್ಕಾರದ ಸಹಾಯಧನ

(ವ್ಯವಸಾಯ ಇನ್‌ಸ್ಪೆಕ್ಟರೊಬ್ಬರು, ಎಲ್. ಎಜಿ.)

ಸರ್ಕಾರದಿಂದ ಗ್ರಾಮಕ್ಕೆ ಸಹಾಯಧನ ಬರುವುದೆಂಬ ಸುದ್ದಿ ಹುಟ್ಟಿದೊಡನೆ ನಮ್ಮ ಜನರು ಮೊದಲು ಕೇಳುವ ಪ್ರಶ್ನೆಯು "ಎಕರೆಗೆ ಎಷ್ಟು? ಲೀಟರಿಗೆ ಎಷ್ಟು?" ಎಂಬುದೇ ಆಗಿರುತ್ತದೆ. ಇದು ತಪ್ಪಲ್ಲ. ಬೀಜಕ್ಕೂ ಗೊಬ್ಬರಕ್ಕೂ ಹಾಲಿಗೂ ದೊರೆಯುವ ಹಣವು ರೈತನಿಗೇ ಸಲ್ಲುವುದರಿಂದ ಅದರ ಲೆಕ್ಕವು ಎಲ್ಲರಿಗೂ ಸುಲಭವಾಗಿ ತಿಳಿಯುತ್ತದೆ. ಆದರೆ ರೈತನ ಕೈಗೆ ಒಂದು ಕಾಸೂ ಬಾರದೆ, ಆತನ ಪದಾರ್ಥಕ್ಕೆ ಪೇಟೆಯಲ್ಲಿ ನಂಬಿಕೆಯನ್ನು ಸಂಪಾದಿಸಿಕೊಡುವ ಇನ್ನೊಂದು ಬಗೆಯ ಸಹಾಯಧನವೂ ಉಂಟು. ಪದಾರ್ಥವನ್ನು ಪರೀಕ್ಷಿಸುವವನ ಸಂಬಳಕ್ಕೂ, ಆತನ ಸರ್ಕೀಟಿನ ವೆಚ್ಚಕ್ಕೂ, ಪ್ರಯೋಗಶಾಲೆಯ ಸಾಮಗ್ರಿಗಳಿಗೂ ಕೊಡುವ ಹಣವೇ ಅದು. ಇದರ ಬೆಲೆಯನ್ನು ನಾನು ತಿಳಿದುಕೊಂಡದ್ದು ತಡವಾಗಿ. ವಾಚಕ ಮಹಾಶಯರು ಆ ನಷ್ಟವನ್ನು ಅನುಭವಿಸದೆಯೇ ತಿಳಿದುಕೊಳ್ಳಲೆಂದು ಈ ಲೇಖನವನ್ನು ಬರೆದಿರುತ್ತೇನೆ.

ಕೆಲವು ವರ್ಷಗಳ ಕೆಳಗೆ ನನ್ನ ಸರ್ಕೀಟಿಗೆ ಸೇರಿದ ಒಂದು ಗ್ರಾಮದ ಹಾಲು ಉತ್ಪಾದಕರ ಸಂಘಕ್ಕೆ ಸಹಾಯಧನದಿಂದ ಹಾಲು ಪರೀಕ್ಷಿಸುವ ಯಂತ್ರವೂ, ಹಾಲಿನಲ್ಲಿ ಆಂಟಿಬಯೊಟಿಕ್ ಔಷಧದ ಅಂಶವಿದೆಯೇ ಎಂಬುದನ್ನು ತೋರಿಸುವ ಪರೀಕ್ಷಾ ಪಟ್ಟಿಗಳೂ ಬಂದುವು. ಪೂಜೆ ಮಾಡಿ ತೆಂಗಿನಕಾಯಿ ಒಡೆದುದಾಯಿತು. ಯಂತ್ರವು ಸ್ಥಾಪಿತವಾಗಿದೆಯೆಂಬ ವರದಿಗೆ ಸಮಿತಿಯವರೊಡನೆ ನಾನೂ ರುಜು ಹಾಕಿದೆನು. ಪಟ್ಟಿಗಳು ಮುಗಿದ ಮೇಲೆ ಹೊಸವನ್ನು ಯಾರು ಕೊಳ್ಳತಕ್ಕದ್ದು, ಯಂತ್ರದ ಅಳತೆ ಸರಿಯಾಗಿದೆಯೇ ಎಂದು ಯಾರು ನೋಡತಕ್ಕದ್ದು ಎಂಬುದನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮರುವರ್ಷ ಒಂದು ದಿನ ಆ ಗ್ರಾಮದ ತಂಪುತೊಟ್ಟಿಯ ಹಾಲನ್ನು ಡೈರಿಯಲ್ಲಿ ಪರೀಕ್ಷಿಸಲಾಗಿ ಔಷಧದ ಅಂಶವು ಕಂಡುಬಂದು, ಹಾಲೆಲ್ಲವೂ ತಿರಸ್ಕೃತವಾಯಿತು. ಸುಮಾರು ೮೦ ಮನೆಗಳ ಒಂದು ದಿನದ ಹಾಲು ಚರಂಡಿಯ ಪಾಲಾಯಿತು. ಒಂದೇ ಹಸುವನ್ನು ನಂಬಿ ಸಂಸಾರ ಸಾಗಿಸುವವರೂ ಆ ನಷ್ಟದಲ್ಲಿ ಪಾಲುಗಾರರಾದರು. ಬಹಳ ದಿನಗಳ ಮೇಲೆ ಒಬ್ಬ ಮನೆಯವರು, ಕೆಚ್ಚಲು ಬಾವಿಗೆ ಚುಚ್ಚುಮದ್ದು ಹಾಕಿಸಿದ ಹಸುವಿನ ಹಾಲನ್ನು ಪಶುವೈದ್ಯರು ಬೇಡವೆಂದಿದ್ದ ದಿನಗಳಲ್ಲಿಯೇ ಸಂಘಕ್ಕೆ ಹಾಕಿದ್ದುದಾಗಿ ಒಪ್ಪಿಕೊಂಡರು. ಪಟ್ಟಿಯೊಂದು ಕೈಯಲ್ಲಿದ್ದಿದ್ದರೆ ತಪ್ಪು ಒಂದು ಮನೆಯ ಬಾಗಿಲಲ್ಲಿಯೇ ನಿಲ್ಲುತ್ತಿದ್ದಿತು.

ಅಂದಿನಿಂದ, ಇಂತಹ ತನಿಖೆಯನ್ನು ತಪ್ಪದೆ ನಡೆಸಿಕೊಂಡು ಬಂದಿರುವ ದೇಶದವರು ಹಣವನ್ನು ಯಾವ ಕ್ರಮದಿಂದ ವೆಚ್ಚಮಾಡುವರೆಂಬುದನ್ನು ತಿಳಿಯುವ ಆಸಕ್ತಿಯು ನನಗೆ ಉಂಟಾಯಿತು. ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಈ ಏರ್ಪಾಡು ಸುಮಾರು ೧೦೦ ವರ್ಷಗಳಿಂದ ಬೆಳೆದುಬಂದಿದೆ. ಅಲ್ಲಿ ಹಾಲು, ಚಿಪ್ಪುಮೀನು ಎಂಬ ಎರಡು ಪದಾರ್ಥಗಳಿಗೆ ಕೇಂದ್ರ ಸರ್ಕಾರವೂ ಸಂಸ್ಥಾನ ಸರ್ಕಾರಗಳೂ ಕೂಡಿ ತನಿಖೆಯನ್ನು ನಡೆಸುತ್ತಿವೆ.

ಎರಡು ಪದಾರ್ಥಗಳ ಸಮಾನ ಧರ್ಮ

ಹಾಲಿಗೂ ಚಿಪ್ಪುಮೀನಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಎರಡೂ ಬೇಗನೆ ಕೆಡತಕ್ಕವು. ಎರಡರಲ್ಲಿಯೂ ರೋಗದ ಕ್ರಿಮಿಗಳು ಕಣ್ಣಿಗಾಗಲಿ ಮೂಗಿಗಾಗಲಿ ತಿಳಿಯದಂತೆ ಅಡಗಿರಬಲ್ಲವು. ಹಾಲಿನ ವಿಷಯವು ಎಲ್ಲರಿಗೂ ತಿಳಿದುದೇ. ನಮ್ಮ ದಕ್ಷಿಣ ಕನ್ನಡದವರು ಮರುವಾಯಿ ಎಂದು ಕರೆಯುವ ಜಾತಿಯ ಚಿಪ್ಪುಮೀನುಗಳಾದರೋ ಅಳಿವೆಯ ಕೆಸರಿನಲ್ಲಿ ಇದ್ದಲ್ಲಿಯೇ ಇದ್ದುಕೊಂಡು, ನೀರನ್ನು ಒಳಗೆಳೆದು ಸೋಸಿ, ಅದರಲ್ಲಿರುವ ಸಣ್ಣ ಕಣಗಳನ್ನು ತಿಂದು ಜೀವಿಸುತ್ತವೆ. ಆ ನೀರಿಗೆ ಊರಿನ ಕೊಳಚೆ ಸೇರಿದರೆ ಅದರಲ್ಲಿರುವ ಕ್ರಿಮಿಗಳೂ ಅವುಗಳ ಶರೀರದಲ್ಲಿ ಶೇಖರವಾಗುವುವು. ಅಮೇರಿಕದವರು ಆಯ್ಸ್ಟರ್ ಎಂಬ ಚಿಪ್ಪುಮೀನನ್ನು ಬೇಯಿಸದೆಯೇ ತಿನ್ನುವ ರೂಢಿಯುಳ್ಳವರಾದುದರಿಂದ ಅಪಾಯವು ಇನ್ನೂ ಹೆಚ್ಚು.

೧೯೨೪ನೆಯ ಇಸವಿಯಲ್ಲಿ ಅಲಬಾಮಾ ಸಂಸ್ಥಾನದವರು ಹಾಲಿನಿಂದ ಹರಡುವ ರೋಗಗಳನ್ನು ತಡೆಯಲು ಕೇಂದ್ರದ ಸಾರ್ವಜನಿಕ ಆರೋಗ್ಯ ಇಲಾಖೆಯ ನೆರವನ್ನು ಬೇಡಲು, ಆ ಇಲಾಖೆಯವರು ಹಾಲಿಗೆ ಒಂದು ಮಾದರಿ ಶಾಸನವನ್ನು ರಚಿಸಿಕೊಟ್ಟರು. ಅದೇ ವರ್ಷದ ಚಳಿಗಾಲದಲ್ಲಿ ನ್ಯೂಯಾರ್ಕ್, ಷಿಕಾಗೊ, ವಾಷಿಂಗ್ಟನ್ ಮುಂತಾದ ಪಟ್ಟಣಗಳಲ್ಲಿ ಕೊಳಚೆ ನೀರಿನ ಆಯ್ಸ್ಟರುಗಳಿಂದ ವಿಷಮಶೀತಜ್ವರವು ಹರಡಿತು. ಸುಮಾರು ೧,೫೦೦ ಜನರು ಜ್ವರಕ್ಕೆ ಸಿಕ್ಕಿ, ಸುಮಾರು ೧೫೦ ಜನರು ಮೃತರಾದರು. ನಿರ್ದೋಷಿಗಳಾದ ವ್ಯಾಪಾರಿಗಳ ಸರಕನ್ನು ಕೂಡ ಜನರು ಮುಟ್ಟದಾದರು. ಆಗ ವ್ಯಾಪಾರಿಗಳು ಅಧಿಕಾರಿಗಳೊಡನೆ ಕುಳಿತು ತನಿಖೆಯ ಏರ್ಪಾಡಿಗೆ ಒಪ್ಪಿಕೊಂಡರು. ೧೯೨೫ನೆಯ ಫೆಬ್ರವರಿಯಲ್ಲಿ ವಾಷಿಂಗ್ಟನ್ನಿನಲ್ಲಿ ಕೂಡಿದ ಸಭೆಯಿಂದ ಚಿಪ್ಪುಮೀನುಗಳ ರಾಷ್ಟ್ರೀಯ ತನಿಖಾ ಕಾರ್ಯಕ್ರಮವು ಹುಟ್ಟಿತು.

ತನಿಖೆಯ ಕ್ರಮ

ಹಾಲಿನ ನಿಯಮಗಳಲ್ಲಿ ಮುಖ್ಯವಾದ ಕೆಲವನ್ನು ಇಲ್ಲಿ ಹೇಳುವೆನು. ಅತ್ಯುತ್ತಮ ದರ್ಜೆಯ ಹಾಲನ್ನು ಮಾರುವ ಕೊಟ್ಟಿಗೆಯನ್ನು ಸಾಮಾನ್ಯವಾಗಿ ೬ ತಿಂಗಳಿಗೊಮ್ಮೆಯಾದರೂ ತನಿಖೆ ಮಾಡುವರು. ೬ ತಿಂಗಳೊಳಗೆ ಪ್ರತಿಯೊಬ್ಬ ಉತ್ಪಾದಕನ ಹಾಲಿನಿಂದ ಕಡಮೆಯೆಂದರೆ ೪ ಮಾದರಿಗಳನ್ನು ಬೇರೆ ಬೇರೆ ತಿಂಗಳುಗಳಲ್ಲಿ ತೆಗೆದು ಪರೀಕ್ಷಿಸುವರು. ಕರೆದ ಹಾಲನ್ನು ಕರಾವು ಮುಗಿದ ೨ ಗಂಟೆಗಳೊಳಗಾಗಿ ೭ ಡಿಗ್ರಿ ಸೆಂಟಿಗ್ರೇಡಿಗೆ ತಂಪುಮಾಡತಕ್ಕದ್ದು. ಕಾಯಿಸದ ಹಾಲಿನ ಒಂದು ಮಿಲಿಲೀಟರಿನಲ್ಲಿ ೧,೦೦,೦೦೦ಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾಗಳಿರಬಾರದು. ಕಡೆಯ ೪ ಮಾದರಿಗಳಲ್ಲಿ ೨ ಈ ಮಿತಿಯನ್ನು ಮೀರಿದರೆ ಲಿಖಿತ ಎಚ್ಚರಿಕೆ. ೫ರಲ್ಲಿ ೩ ಮೀರಿದರೆ ಹಾಲು ಮಾರುವ ಪರವಾನಗಿಯೇ ಅಮಾನತ್ತಾಗುವುದು. ಮನೆತನ, ಜಮೀನು, ಪ್ರಭಾವ ಇವು ಯಾವುವೂ ಈ ಲೆಕ್ಕದಲ್ಲಿ ಸೇರುವುದಿಲ್ಲ.

ಔಷಧದ ಅಂಶದ ವಿಷಯದಲ್ಲಿ ಅವರ ಕ್ರಮವು ನನ್ನ ಮನಸ್ಸಿಗೆ ನಾಟಿತು. ಹಾಲಿನ ಲಾರಿಯವನು ಪ್ರತಿಯೊಂದು ಕೊಟ್ಟಿಗೆಯ ಹಾಲನ್ನು ತುಂಬಿಕೊಳ್ಳುವ ಮುನ್ನ ಅದರ ಒಂದು ಮಾದರಿಯನ್ನು ಬೇರೆ ಸೀಸೆಯಲ್ಲಿ ತೆಗೆದಿಡುವನು. ಲಾರಿಯ ಹಾಲನ್ನು ಡೈರಿಯಲ್ಲಿ ಇಳಿಸಿಕೊಳ್ಳುವುದಕ್ಕೆ ಮೊದಲು ಪರೀಕ್ಷಿಸುವರು. ದೋಷ ಕಂಡರೆ ಲಾರಿಯ ಹಾಲು ತಿರಸ್ಕೃತವಾಗುವುದು. ಆದರೆ ಸೀಸೆಗಳನ್ನು ಒಂದೊಂದಾಗಿ ಪರೀಕ್ಷಿಸಿ ದೋಷವು ಯಾವ ಕೊಟ್ಟಿಗೆಯದೆಂಬುದನ್ನೂ ಅಂದೇ ಗೊತ್ತುಮಾಡುವರು. ನಮ್ಮ ಗ್ರಾಮದಲ್ಲಿ ಬಹಳ ದಿನಗಳು ತಿಳಿಯದೆ ಹೋದ ಸಂಗತಿಯನ್ನು ಅಲ್ಲಿ ಒಂದು ಸಣ್ಣ ಸೀಸೆಯು ಹೇಳಿಬಿಡುವುದು.

ಚಿಪ್ಪುಮೀನಿನ ವಿಷಯದಲ್ಲಿ ತನಿಖೆಯು ಪದಾರ್ಥಕ್ಕಿಂತ ಮೊದಲು ನೀರಿನಿಂದ ಆರಂಭವಾಗುವುದು. ದಡದುದ್ದಕ್ಕೂ ನಡೆದು, ಎಲ್ಲೆಲ್ಲಿ ಕೊಳಚೆ ಸೇರುವುದೆಂಬುದನ್ನು ಗುರುತಿಸಿ, ನೀರಿನ ಮಾದರಿಗಳನ್ನು ಪರೀಕ್ಷಿಸಿ, ಅಳಿವೆಯ ಪ್ರದೇಶಗಳನ್ನು ಅಂಗೀಕೃತ, ನಿರ್ಬಂಧಿತ, ನಿಷಿದ್ಧ ಮುಂತಾಗಿ ವಿಂಗಡಿಸುವರು. ಭಾರಿ ಮಳೆ ಬಿದ್ದು ಕೊಳಚೆ ಹರಿದರೆ ಷರತ್ತಿಗೊಳಪಟ್ಟ ಪ್ರದೇಶಗಳನ್ನು ನೀರು ತಿಳಿಯಾಗುವವರೆಗೆ ಮುಚ್ಚುವರು. ಸಮುದ್ರದ ಕೆಲವು ಪಾಚಿಗಳಿಂದ ಹುಟ್ಟುವ ವಿಷವು ಬೇಯಿಸಿದರೂ ಹೋಗದ ಕಾರಣ, ೧೦೦ ಗ್ರಾಂ ಮಾಂಸದಲ್ಲಿ ಪಾರ್ಶ್ವವಾಯು ತರುವ ವಿಷವು ೮೦ ಮೈಕ್ರೋಗ್ರಾಂ ಮುಟ್ಟಿದೊಡನೆ ಅಲ್ಲಿ ಚಿಪ್ಪು ತೆಗೆಯುವುದನ್ನು ನಿಲ್ಲಿಸುವರು. ಪ್ರತಿಯೊಂದು ಚೀಲಕ್ಕೂ ಯಾವ ಪ್ರದೇಶದಲ್ಲಿ, ಯಾವ ದಿನ ತೆಗೆದದ್ದೆಂಬ ಚೀಟಿ ಇರತಕ್ಕದ್ದು. ವ್ಯಾಪಾರಿಯು ಆ ಚೀಟಿಯನ್ನು ೯೦ ದಿನ ಜೋಪಾನವಾಗಿ ಇಟ್ಟಿರತಕ್ಕದ್ದು.

ಹಣದ ವಿಚಾರ

ಇಷ್ಟು ಕೆಲಸಕ್ಕೆ ಹಣವನ್ನು ಕೊಡುವವರು ಯಾರು? ದಿನದಿನದ ತನಿಖೆಯನ್ನು ಮಾಡುವವರು ಸಂಸ್ಥಾನ ಸರ್ಕಾರದ ನೌಕರರು. ಆ ವೆಚ್ಚಕ್ಕೆ ಸಂಸ್ಥಾನದ ಬೊಕ್ಕಸವೂ ಪರವಾನಗಿಯ ಶುಲ್ಕಗಳೂ ಒದಗುತ್ತವೆ. ಕೇಂದ್ರದ ಆಹಾರ ಮತ್ತು ಔಷಧ ಆಡಳಿತ ಇಲಾಖೆಯು ನಿಯಮಗಳನ್ನು ಸಂಸ್ಥಾನಗಳೊಡನೆ ಸಮಾಲೋಚಿಸಿ ತಿದ್ದುವುದು, ತನಿಖೆದಾರರಿಗೆ ಶಿಕ್ಷಣ ಕೊಡುವುದು, ಸಂಸ್ಥಾನದ ತನಿಖೆಯನ್ನೇ ತಾನು ಮರಳಿ ತನಿಖೆ ಮಾಡುವುದು. ಇದಲ್ಲದೆ ಸಂಸ್ಥಾನಗಳಿಗೆ ಸಹಕಾರ ಒಪ್ಪಂದಗಳೆಂಬ ರೂಪದಲ್ಲಿ ಸಹಾಯಧನವನ್ನೂ ಕೊಡುವುದುಂಟು. ಇದಕ್ಕೂ ಬರಿಯ ದಾನಕ್ಕೂ ಭೇದವಿದೆ. ಒಪ್ಪಂದದಲ್ಲಿ ಹಣ ಕೊಟ್ಟವರು ಕೆಲಸದಲ್ಲಿಯೂ ಭಾಗಿಗಳು. ಪಡೆದವರು ಹಣದ ಲೆಕ್ಕವನ್ನಲ್ಲದೆ ನಡೆದ ಕೆಲಸದ ಲೆಕ್ಕವನ್ನೂ ಒಪ್ಪಿಸತಕ್ಕವರು.

ಆ ದೇಶದಲ್ಲಿಯೂ ಇಂತಹ ಹಣವು ತಾನೇ ತಾನಾಗಿ ಶಾಶ್ವತವಾಗಿರುವುದಿಲ್ಲ. ೨೦೨೫ನೆಯ ಏಪ್ರಿಲ್ ತಿಂಗಳಲ್ಲಿ, ಕೇಂದ್ರ ಸರ್ಕಾರವು ನೌಕರರನ್ನು ಕಡಮೆ ಮಾಡಿದ ಸಂದರ್ಭದಲ್ಲಿ, ಹಾಲಿನ ಪ್ರಯೋಗಶಾಲೆಗಳ ಸಾಮರ್ಥ್ಯವನ್ನು ಒರೆಹಚ್ಚಿ ನೋಡುವ ಕಾರ್ಯಕ್ರಮವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಹಾಲಿನ ಪರೀಕ್ಷೆಯು ನಿಲ್ಲಲಿಲ್ಲ. ಪರೀಕ್ಷಕರನ್ನು ಪರೀಕ್ಷಿಸುವ ಕೆಲಸವು ನಿಂತಿತು. ತಕ್ಕಡಿಯಿದ್ದರೂ ಅದನ್ನು ಸರಿನೋಡುವ ಮುದ್ರೆಯ ಕಲ್ಲು ಇಲ್ಲದಂತಾದರೆ ಕೊಳ್ಳುವವನ ಮನಸ್ಸಿನಲ್ಲಿ ಅನುಮಾನ ಹುಟ್ಟದೆ ಇರುವುದೆ?

ಈ ಏರ್ಪಾಡಿನ ಫಲವೇನು? ೧೯೩೮ರಲ್ಲಿ ಆ ದೇಶದಲ್ಲಿ ಆಹಾರದಿಂದಲೂ ನೀರಿನಿಂದಲೂ ಹರಡಿದ ರೋಗಪ್ರಸಂಗಗಳಲ್ಲಿ ನೂರಕ್ಕೆ ೨೫ ಪಾಲು ಹಾಲಿನಿಂದ ಉಂಟಾದುವಾಗಿದ್ದುವು. ಅದು ಕ್ರಮೇಣ ನೂರಕ್ಕೆ ಒಂದಕ್ಕಿಂತಲೂ ಕೆಳಗೆ ಇಳಿಯಿತು. ಹಾಲನ್ನು ೬೩ ಡಿಗ್ರಿಯಲ್ಲಿ ೩೦ ನಿಮಿಷ, ಇಲ್ಲವೆ ೭೨ ಡಿಗ್ರಿಯಲ್ಲಿ ೧೫ ಸೆಕೆಂಡು ಕಾಯಿಸುವ ಪಾಶ್ಚರೀಕರಣವು ಇದಕ್ಕೆ ದೊಡ್ಡ ಕಾರಣ. ಆದರೆ ಆ ಕಾಯಿಸುವಿಕೆಯು ಪ್ರತಿದಿನವೂ ಸರಿಯಾಗಿ ನಡೆಯಿತೆಂದು ನೋಡುವವನು ತನಿಖೆದಾರನೇ ಸರಿ.

ನಮ್ಮ ದೇಶದ ಸ್ಥಿತಿ

ನಮ್ಮಲ್ಲಿಯೂ ೨೦೦೬ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟಗಳ ಕಾಯಿದೆಯಿದೆ. ಅದರ ಪ್ರಾಧಿಕಾರದವರು ೨೦೧೮ರಲ್ಲಿ ದೇಶದ ೧,೧೦೩ ಪಟ್ಟಣಗಳಿಂದ ೬,೪೩೨ ಹಾಲಿನ ಮಾದರಿಗಳನ್ನು ತೆಗೆದು ಪರೀಕ್ಷಿಸಿದರು. ಆರೋಗ್ಯಕ್ಕೆ ಹಾನಿಕರವಾದ ಕಲಬೆರಕೆ ಕಂಡದ್ದು ೧೨ ಮಾದರಿಗಳಲ್ಲಿ ಮಾತ್ರ. ಆದರೆ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷವು ೩೬೮ ಮಾದರಿಗಳಲ್ಲಿಯೂ, ಆಂಟಿಬಯೊಟಿಕ್ ಅಂಶವು ೭೭ರಲ್ಲಿಯೂ ಮಿತಿಮೀರಿದ್ದಿತು. ಇದರ ಅರ್ಥವನ್ನು ಜಮೀನುದಾರರು ಚೆನ್ನಾಗಿ ಗಮನಿಸಬೇಕು. ಈ ಎರಡು ದೋಷಗಳೂ ಹಾಲು ಮಾರುವವನ ವಂಚನೆಯಿಂದ ಹುಟ್ಟಿದುವಲ್ಲ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಮುಸುಕಿನ ಜೋಳ ಮುಂತಾದ ಮೇವಿನಿಂದಲೂ, ಔಷಧ ಕೊಟ್ಟ ಹಸುವಿನ ವಿಷಯದ ಅಜಾಗ್ರತೆಯಿಂದಲೂ ನಮ್ಮ ಕೊಟ್ಟಿಗೆಗಳಲ್ಲಿಯೇ ಹುಟ್ಟಿದುವು. ಕೊಬ್ಬಿನ ಅಂಶವನ್ನು ಅಳೆಯುವ ಯಂತ್ರವು ಇವೆರಡನ್ನೂ ತೋರಿಸಲಾರದು. ಪಾಶ್ಚರೀಕರಣದಿಂದಲೂ ಬೂಷ್ಟಿನ ವಿಷವು ನಾಶವಾಗದು.

ಹಣದ ಅನುಕೂಲವೂ ಇಲ್ಲದಿಲ್ಲ. ಹಾಲು ತಂಪುಮಾಡುವ ಘಟಕಗಳಿಗೂ ಪರೀಕ್ಷೆಯ ಪ್ರಯೋಗಶಾಲೆಗಳಿಗೂ ನೆರವು ಕೊಡುವ ರಾಷ್ಟ್ರೀಯ ಹೈನು ಅಭಿವೃದ್ಧಿ ಕಾರ್ಯಕ್ರಮಕ್ಕೆ ೨೦೨೧-೨೨ರಿಂದ ೨೦೨೫-೨೬ರವರೆಗಿನ ಅವಧಿಗೆ ಒಟ್ಟು ೨,೭೯೦ ಕೋಟಿ ರೂಪಾಯಿಗಳನ್ನು ಕೇಂದ್ರ ಸಚಿವ ಸಂಪುಟವು ೨೦೨೫ರ ಮಾರ್ಚಿಯಲ್ಲಿ ಗೊತ್ತುಮಾಡಿತು. ಯಂತ್ರವು ಇಂತಹ ಯೋಜನೆಗಳಿಂದ ಬರಬಹುದು. ಅದನ್ನು ಪ್ರತಿದಿನ ಉಪಯೋಗಿಸುವ ಶಿಸ್ತು ಗ್ರಾಮದಿಂದಲೇ ಬರಬೇಕು. ಹಾಗೆಯೇ ಅಘನಾಶಿನಿ, ಕಾಳಿ ಮುಂತಾದ ನದಿಗಳ ಅಳಿವೆಗಳಲ್ಲಿ ಚಿಪ್ಪು ಆರಿಸಿ ಜೀವಿಸುವ ಕುಟುಂಬಗಳಿಗೆ ಆ ನೀರೇ ಹೊಲ. ಮೇಲ್ಭಾಗದ ಊರಿನವರು ಅದಕ್ಕೆ ಕೊಳಚೆಯನ್ನು ಬಿಟ್ಟರೆ, ಕೆಳಗಿನವರ ಪದಾರ್ಥವನ್ನು ಯಾವ ಮುದ್ರೆಯೂ ಕಾಪಾಡಲಾರದು.

ಗ್ರಾಮಮುಖಂಡರಿಗೆ ವಿಜ್ಞಾಪನೆ

೧. ಪರೀಕ್ಷೆಯ ಯಂತ್ರಕ್ಕೆ ಅರ್ಜಿ ಹಾಕುವಾಗಲೇ, ಎರಡನೆಯ ವರ್ಷದಿಂದ ಅದರ ಸಾಮಗ್ರಿ, ದುರಸ್ತಿ ಮತ್ತು ಅಳತೆಯ ಸರಿನೋಟಕ್ಕೆ ಹಣವೆಲ್ಲಿಂದ ಬರುವುದೆಂಬುದನ್ನು ಸಭೆಯಲ್ಲಿ ನಿರ್ಣಯಿಸಿ ಬರೆದಿಡತಕ್ಕದ್ದು.

೨. ಪ್ರತಿಯೊಂದು ಮನೆಯ ಹಾಲಿನ ಮಾದರಿಯನ್ನು ಹೆಸರು ಬರೆದ ಸೀಸೆಯಲ್ಲಿ, ಡೈರಿಯ ಪರೀಕ್ಷೆ ಮುಗಿಯುವವರೆಗೆ ತಂಪಿನಲ್ಲಿಡುವ ಪದ್ಧತಿಯನ್ನು ಆರಂಭಿಸತಕ್ಕದ್ದು.

೩. ಔಷಧ ಕೊಟ್ಟ ಹಸುಗಳ ಪಟ್ಟಿಯನ್ನು ಸಂಘದ ಗೋಡೆಯ ಮೇಲೆ ಬರೆದು, ಪಶುವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ತೆಗೆದುಕೊಳ್ಳಕೂಡದು. ನಿಜ ಹೇಳಿದವನಿಗೆ ದಂಡ ಹಾಕಬಾರದು, ಬಚ್ಚಿಟ್ಟವನಿಗೆ ಹಾಕತಕ್ಕದ್ದು.

೪. ಹಿಂಡಿಯನ್ನೂ ಧಾನ್ಯವನ್ನೂ ನೆಲದ ತೇವ ತಗಲದಂತೆ ಹಲಗೆಯ ಮೇಲೆ ಇಡತಕ್ಕದ್ದು. ಬೂಷ್ಟು ಹಿಡಿದುದನ್ನು ಕರೆಯುವ ಹಸುವಿಗೆ ಎಷ್ಟು ಮಾತ್ರಕ್ಕೂ ಹಾಕಬಾರದು.

೫. ನಿಯಮವು ಮೊದಲು ಮುಖಂಡನ ಕೊಟ್ಟಿಗೆಗೆ ಅನ್ವಯಿಸತಕ್ಕದ್ದು. ದೊಡ್ಡವರ ಹಾಲನ್ನು ಪರೀಕ್ಷಿಸಲು ಕಾರ್ಯದರ್ಶಿಯು ಹೆದರುವ ಗ್ರಾಮದಲ್ಲಿ ಎಷ್ಟು ಸಹಾಯಧನ ಬಂದರೂ ವ್ಯರ್ಥವೇ.

ಮೇಲೆ ಹೇಳಿದ ಗ್ರಾಮದಲ್ಲಿ ಈಗ ಸಂಘದ ಲಾಭದಿಂದ ಪ್ರತಿವರ್ಷವೂ ಪರೀಕ್ಷಾ ಪಟ್ಟಿಗಳಿಗೆ ಹಣವನ್ನು ತೆಗೆದಿಡುತ್ತಾರೆ. ಈ ನಿರ್ಣಯವನ್ನು ಸಭೆಯ ಮುಂದೆ ತಂದವರು, ಅಂದು ಔಷಧದ ಹಾಲನ್ನು ಹಾಕಿದ್ದ ಮನೆಯವರೇ. ನಾನಾದರೋ ಅಂದಿನಿಂದ ಯಾವ ಯಂತ್ರದ ವರದಿಗೆ ರುಜು ಹಾಕುವ ಮುನ್ನವೂ, ಮುಂದಿನ ವರ್ಷ ಇದನ್ನು ನಡೆಸುವವರು ಯಾರೆಂದು ಕೇಳಿ, ಉತ್ತರವನ್ನು ವರದಿಯಲ್ಲಿಯೇ ಬರೆಯಿಸುತ್ತೇನೆ. ವಾಚಕರೂ ತಮ್ಮ ತಮ್ಮ ಗ್ರಾಮಗಳಲ್ಲಿ ಈ ಪ್ರಶ್ನೆಯನ್ನು ಕೇಳುವರೆಂದು ನಂಬಿರುತ್ತೇನೆ.