ಮಾರ್ಫತ್ ವಿಳಾಸಕ್ಕೆ ಬಂದ ಟಪಾಲು ಯಾರ ಕೈಗೆ?

ಹೈದರಾಬಾದ್: ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಕೆಲಸ ಅರಸಿ ಈ ನಗರಕ್ಕೆ ಬಂದವರಿಗೆ ಒಂದು ಕಾಲದಲ್ಲಿ ಪರಿಚಿತರ ಮನೆಯೇ ವಿಳಾಸವಾಗಿತ್ತು. ಲಕೋಟೆಯ ಮೇಲೆ 'ಮಾರ್ಫತ್' ಎಂದು ಮನೆಯ ಯಜಮಾನರ ಹೆಸರು ಬರೆಸಿದರೆ ಸಾಕು, ಊರಿನ ಕಾಗದ ತಪ್ಪದೆ ಕೈ ಸೇರುತ್ತಿತ್ತು. ಇಂದು ಸ್ವಂತ ಉದ್ಯಮಕ್ಕೆ ಕೈಹಾಕುವ ಕನ್ನಡಿಗ ಯುವಕ ಯುವತಿಯರಲ್ಲಿ ಅನೇಕರಿಗೆ ಮಾಧಾಪುರ, ಗಚ್ಚಿಬೌಲಿ, ರಾಯದುರ್ಗಗಳ ಕೋ-ವರ್ಕಿಂಗ್ ಕಚೇರಿಗಳೇ ಅಂಥ ಮಾರ್ಫತ್ ವಿಳಾಸ. ತಿಂಗಳ ಬಾಡಿಗೆಗೆ ಒಂದು ಮೇಜು, ಒಂದು ಕುರ್ಚಿ. ಒಂದೇ ಬಾಗಿಲ ಸಂಖ್ಯೆಯಲ್ಲಿ ಹತ್ತಾರು ಸಂಸ್ಥೆಗಳು. ಅಂಚೆಯವರು ಎಲ್ಲರ ಟಪಾಲನ್ನೂ ರಿಸೆಪ್ಷನ್ ಕೌಂಟರಿನಲ್ಲಿ ಕೊಟ್ಟು ಹೋಗುತ್ತಾರೆ.

ಅಂದಿನ ಕಾಗದದಲ್ಲಿ ಹೆಚ್ಚಾಗಿ ಕ್ಷೇಮ ಸಮಾಚಾರ ಇರುತ್ತಿತ್ತು. ಇಂದಿನ ಲಕೋಟೆಯಲ್ಲಿ ತೆರಿಗೆ ಇಲಾಖೆಯ ಪತ್ರವೋ ವಕೀಲರ ನೋಟಿಸೋ ಇರಬಹುದು. ಅದು ಕೌಂಟರಿನ ಡ್ರಾಯರಿನಲ್ಲಿ ವಾರಗಟ್ಟಲೆ ಕುಳಿತರೆ ಕಷ್ಟಕ್ಕೆ ಸಿಲುಕುವವರು ಲಕೋಟೆಯ ಮೇಲೆ ಹೆಸರಿರುವವರೇ.

ದಿನಗಳ ಲೆಕ್ಕ

ಚೆಕ್ ಬೌನ್ಸ್ ಪ್ರಕರಣವನ್ನೇ ತೆಗೆದುಕೊಳ್ಳಬಹುದು. ನೋಟಿಸ್ ತಲುಪಿದ 15 ದಿನಗಳೊಳಗೆ ಹಣ ಪಾವತಿಸದಿದ್ದರೆ ಮೊಕದ್ದಮೆಗೆ ದಾರಿಯಾಗುತ್ತದೆ. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದ ಪತ್ರ ತಲುಪಿದೆ ಎಂದೇ 1897ರ ಜನರಲ್ ಕ್ಲಾಸಸ್ ಕಾಯ್ದೆಯ 27ನೇ ಕಲಮು ಭಾವಿಸುತ್ತದೆ. ತಲುಪಿಲ್ಲ ಎಂದು ತೋರಿಸಿಕೊಡುವ ಹೊಣೆ ಪಡೆಯಬೇಕಾದವರದು. ನೋಟಿಸ್ ಕೈಸೇರಲಿಲ್ಲ ಎನ್ನುವವರು ನ್ಯಾಯಾಲಯದ ಸಮನ್ಸ್ ಬಂದ 15 ದಿನಗಳಲ್ಲಿ ಹಣ ಕಟ್ಟಿ ವಿನಾಯಿತಿ ಕೋರಬಹುದೆಂದು ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದೆ. ಆದರೆ ಆ ಸಮನ್ಸ್ ಕೂಡ ಅದೇ ಕೌಂಟರಿಗೆ ಬಂದು ಅದೇ ಡ್ರಾಯರು ಸೇರಿದರೆ ಗತಿಯೇನು?

ಕಂಪನಿಯಾಗಿ ನೋಂದಣಿಯಾದವರಿಗೆ ಇನ್ನೊಂದು ಹೊಣೆಯಿದೆ. 2013ರ ಕಂಪನಿ ಕಾಯ್ದೆಯ 12ನೇ ಕಲಮಿನಂತೆ, ನೋಂದಾಯಿತ ಕಚೇರಿಯು ಪತ್ರ, ನೋಟಿಸುಗಳನ್ನು ಪಡೆದು ಸ್ವೀಕೃತಿ ನೀಡುವಂತಿರಬೇಕು. ಹೊರಗೆ ಹೆಸರಿನ ಫಲಕ ಇರಬೇಕು, ಅದು ಸ್ಥಳೀಯ ಲಿಪಿಯಲ್ಲೂ, ಅಂದರೆ ಇಲ್ಲಿ ತೆಲುಗಿನಲ್ಲೂ ಇರಬೇಕು. ಕಂಪನಿ ವ್ಯವಹಾರವನ್ನೇ ನಡೆಸುತ್ತಿಲ್ಲವೆಂಬ ಶಂಕೆ ಬಂದರೆ ರಿಜಿಸ್ಟ್ರಾರ್ ಸ್ಥಳ ಪರಿಶೀಲನೆ ಮಾಡಿಸಬಹುದು. ಇಂಥ ಕಚೇರಿಯೇ ಇಲ್ಲವೆಂದು ಕಂಡುಬಂದರೆ ಕಂಪನಿಯ ಹೆಸರನ್ನು ತೆಗೆದುಹಾಕುವ ಕ್ರಮಕ್ಕೂ ಮುಂದಾಗಬಹುದು.

ಅಂಚೆಯಲ್ಲಿ ಆದ ಬದಲಾವಣೆ

2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿದೆ. ಸಾಮಾನ್ಯ ಸ್ಪೀಡ್ ಪೋಸ್ಟನ್ನು ಆ ವಿಳಾಸದಲ್ಲಿ ಇದ್ದವರಿಗೆ ಕೊಟ್ಟು ಸಹಿ ಪಡೆಯಬಹುದು. ಹೆಸರಿರುವವರಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೆ ಮಾತ್ರ ತಲುಪಿಸಬೇಕಾದರೆ ಕಳುಹಿಸುವವರು 'ರಿಜಿಸ್ಟ್ರೇಷನ್' ಸೌಲಭ್ಯ ಪಡೆಯಬೇಕು. 2025ರ ಅಕ್ಟೋಬರ್ 1ರಿಂದ ಇದಕ್ಕೆ ಪ್ರತ್ಯೇಕವಾಗಿ 5 ರೂಪಾಯಿ ಮತ್ತು ಜಿಎಸ್‌ಟಿ ನಿಗದಿಯಾಗಿದೆ. ಹೀಗಾಗಿ ಕೌಂಟರಿನಲ್ಲಿ ಸಹಿ ಹಾಕುವ ಹುಡುಗನ ಜವಾಬ್ದಾರಿ ಹಿಂದಿಗಿಂತ ಹೆಚ್ಚಿದೆ. ತನ್ನ ಪರವಾಗಿ ಯಾರು ಸಹಿ ಹಾಕಬಹುದು ಎಂಬುದನ್ನು ಸದಸ್ಯರು ಲಿಖಿತವಾಗಿ ಕೊಟ್ಟಿರುವುದು ಕ್ಷೇಮ.

ಒಂದು ದಫ್ತರ, ಒಂದು ಬೀಗ

ಕಚೇರಿ ನಡೆಸುವವರಿಗೆ ಇದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ. ಟಪಾಲು ಬಂದ ದಿನ, ಹೊತ್ತು, ಕಳುಹಿಸಿದವರು, ಸೇರಬೇಕಾದವರು, ಟ್ರ್ಯಾಕಿಂಗ್ ಸಂಖ್ಯೆ ಮತ್ತು ಒಯ್ದವರ ಸಹಿ ಇಷ್ಟಿರುವ ಒಂದು ದಫ್ತರ ಸಾಕು. ಲಕೋಟೆಯ ಹೊರಮೈಯ ಚಿತ್ರವನ್ನು ಅಂದೇ ಸದಸ್ಯರ ಮೊಬೈಲಿಗೆ ಕಳುಹಿಸಬೇಕು. ಸದಸ್ಯರು ಹೇಳದೆ ಲಕೋಟೆ ಒಡೆಯಬಾರದು. ನ್ಯಾಯಾಲಯ, ತೆರಿಗೆ, ಬ್ಯಾಂಕಿನ ಪತ್ರಗಳಿಗೆ ಬೀಗವಿರುವ ಪ್ರತ್ಯೇಕ ಗೂಡಿರಬೇಕು. ಕೌಂಟರಿನವರು ರಜೆಯಲ್ಲಿದ್ದಾಗ ಬದಲಿ ಯಾರು ಎಂಬುದು ಎಲ್ಲರಿಗೂ ಗೊತ್ತಿರಬೇಕು.

ಸದಸ್ಯರ ಪಾಲಿನ ಕೆಲಸವೂ ಇದೆ. ಪಾಟೀಲ, ಕುಲಕರ್ಣಿ, ರೆಡ್ಡಿ ಎಂಬ ಅಡ್ಡಹೆಸರಿನವರು ಒಂದೇ ಮಹಡಿಯಲ್ಲಿ ನಾಲ್ವರಿದ್ದರೆ ಅಚ್ಚರಿಯಿಲ್ಲ. ಆದ್ದರಿಂದ ಪೂರ್ಣ ಹೆಸರು, ಸಂಸ್ಥೆ, ಕ್ಯಾಬಿನ್ ಸಂಖ್ಯೆ, ಮೊಬೈಲ್ ಮತ್ತು ಪಿನ್‌ಕೋಡ್ (ಮಾಧಾಪುರಕ್ಕೆ 500081, ಗಚ್ಚಿಬೌಲಿಗೆ 500032) ವಿಳಾಸದಲ್ಲಿರಲಿ. ಊರಿನಿಂದ ಕನ್ನಡದಲ್ಲಿ ವಿಳಾಸ ಬರೆದು ಕಳುಹಿಸುವವರಿಗೆ ಇಂಗ್ಲಿಷಿನಲ್ಲೂ ಬರೆಯಲು ಹೇಳಬೇಕು. ತೆಲುಗು ಬಲ್ಲವರು ಕನ್ನಡ ಅಕ್ಷರಗಳನ್ನು ಕೂಡಿಸಿ ಓದಬಲ್ಲರಾದರೂ ಎಲ್ಲ ಕೌಂಟರಿನಲ್ಲೂ ತೆಲುಗರೇ ಇರುವುದಿಲ್ಲ.

ಹೆಚ್ಚು ಎಡವಟ್ಟಾಗುವುದು ಜಾಗ ಖಾಲಿ ಮಾಡುವಾಗ. ನೋಂದಾಯಿತ ಕಚೇರಿ ಬದಲಾದರೆ 30 ದಿನಗಳೊಳಗೆ ಕಂಪನಿ ರಿಜಿಸ್ಟ್ರಾರರಿಗೂ, ವ್ಯವಹಾರದ ಸ್ಥಳ ಬದಲಾದರೆ 15 ದಿನಗಳೊಳಗೆ ಜಿಎಸ್‌ಟಿ ಇಲಾಖೆಗೂ ತಿಳಿಸಬೇಕು. ಹೊಸ ವಿಳಾಸಕ್ಕೆ ಟಪಾಲು ತಿರುಗಿಸಲು ಅಂಚೆ ಕಚೇರಿಗೂ ಅರ್ಜಿ ಕೊಡಬಹುದು. ಹೋದವರ ಟಪಾಲನ್ನು ಎಷ್ಟು ದಿನ ಇಟ್ಟುಕೊಳ್ಳಬೇಕೆಂದು ಕರಾರಿನಲ್ಲೇ ಬರೆದಿರಲಿ. ಆ ಗಡುವು ಮುಗಿದ ಮೇಲೆ ಬಂದದ್ದನ್ನು ಸಹಿ ಹಾಕಿ ಡ್ರಾಯರಿಗೆ ತುಂಬುವ ಬದಲು, 'ಈ ವಿಳಾಸದಲ್ಲಿಲ್ಲ' ಎಂದು ಹಿಂದಿರುಗಿಸುವುದೇ ಇಬ್ಬರಿಗೂ ಒಳಿತು.

ಸಂಘಗಳಿಗೂ ಅನ್ವಯ

ಈ ಮಾತು ಉದ್ಯಮಿಗಳಿಗೆ ಮಾತ್ರ ಎಂದು ಸಂಘಗಳು ಸುಮ್ಮನಿರುವಂತಿಲ್ಲ. ಸ್ವಂತ ಕಟ್ಟಡವಿಲ್ಲದ ಸಂಘಗಳಿಗೆ ಸಾಮಾನ್ಯವಾಗಿ ಕಾರ್ಯದರ್ಶಿಗಳ ಮನೆಯೇ ವಿಳಾಸ. ಪದಾಧಿಕಾರಿಗಳು ಬದಲಾದರೂ ಬ್ಯಾಂಕಿನ ಮತ್ತು ನೋಂದಣಿ ಕಚೇರಿಯ ಕಡತಗಳಲ್ಲಿ ಹಳೆಯ ವಿಳಾಸವೇ ಉಳಿದರೆ ಟಪಾಲು ಮಾಜಿ ಕಾರ್ಯದರ್ಶಿಗಳ ಮನೆಗೇ ಹೋಗುತ್ತಿರುತ್ತದೆ. ಮುಂದಿನ ಮಹಾಸಭೆಯಲ್ಲಿ ಲೆಕ್ಕಪತ್ರ ಒಪ್ಪಿಸುವಾಗಲೇ ಸಂಘದ ವಿಳಾಸವನ್ನೂ, ಟಪಾಲು ಪಡೆಯುವವರ ಹೆಸರನ್ನೂ ಒಮ್ಮೆ ಓದಿ ಹೇಳುವುದು ಒಳ್ಳೆಯದು. ಅಧಿಕಾರ ಹಸ್ತಾಂತರವಾಗುವಾಗ ಸೀಲು, ಚೆಕ್ ಬುಕ್ಕಿನ ಜೊತೆ ಟಪಾಲಿನ ದಫ್ತರವೂ ಹೊಸಬರ ಕೈ ಸೇರಲಿ.