ಎಲ್ಲರಿಗೂ ಗೊತ್ತಾದ ಗುಟ್ಟಿಗೆ ಬೆಲೆಯೆಷ್ಟು?

ತಜ್ಞರ ಸಲಹೆ ಇಂದು ಮಾರುಕಟ್ಟೆಯ ಸರಕು. ಷೇರು ಕೊಳ್ಳುವುದಕ್ಕೂ ಮಕ್ಕಳಿಗೆ ಕಾಲೇಜು ಆರಿಸುವುದಕ್ಕೂ ಅದು ಹಣಕ್ಕೆ ದೊರೆಯುತ್ತದೆ. ಆದರೆ ಈ ಸರಕಿನ ನಿಜವಾದ ಬೆಲೆಯನ್ನು ಅಳೆಯುವುದು ಕಷ್ಟ. ಸಲಹೆಯ ಫಲ ತಿಳಿಯುವ ವೇಳೆಗೆ ವರ್ಷಗಳು ಉರುಳಿರುತ್ತವೆ. ಸಲಹೆ ಕೊಟ್ಟವರನ್ನು ನಾವು ಮರೆತಿರುತ್ತೇವೆ. ಸಲಹೆಯ ಫಲ ಅಂದೇ ರಾತ್ರಿ ಅಂಕಿಗಳಲ್ಲಿ ಬಯಲಾಗುವ ಕ್ಷೇತ್ರವೊಂದು ಅಮೆರಿಕದಲ್ಲಿದೆ. ಅದು ಬೇಸ್‌ಬಾಲ್‌ನ ದೈನಿಕ ಫ್ಯಾಂಟಸಿ ಆಟ. ಅರ್ಥಶಾಸ್ತ್ರ ಓದಿದ ನನ್ನಂಥವನಿಗೆ ಆ ಆಟದಲ್ಲಿ ಆಸಕ್ತಿ ಹುಟ್ಟಿದ್ದು ಈ ಕಾರಣದಿಂದಲೇ.

ಆಟದ ಸ್ವರೂಪ ಸರಳ. 2009ರಲ್ಲಿ ಆರಂಭವಾದ ಫ್ಯಾನ್‌ಡ್ಯುಯೆಲ್ ಹಾಗೂ 2012ರಲ್ಲಿ ಬಂದ ಡ್ರಾಫ್ಟ್‌ಕಿಂಗ್ಸ್ ಇದರ ಎರಡು ದೊಡ್ಡ ಸಂಸ್ಥೆಗಳು. ಡ್ರಾಫ್ಟ್‌ಕಿಂಗ್ಸ್‌ನ ಪ್ರಚಲಿತ ಮಾದರಿಯಲ್ಲಿ ಸ್ಪರ್ಧಿಗೆ 50,000 ಡಾಲರ್‌ಗಳ ಕಾಲ್ಪನಿಕ ಮೊತ್ತ ನೀಡಲಾಗುತ್ತದೆ. ಪ್ರತಿ ಆಟಗಾರನಿಗೂ ಒಂದು ಬೆಲೆಯಿದೆ. ಆ ಮೊತ್ತದೊಳಗೆ ಇಬ್ಬರು ಪಿಚರ್‌ಗಳು ಹಾಗೂ ಎಂಟು ಬ್ಯಾಟರ್‌ಗಳ ತಂಡ ಕಟ್ಟಬೇಕು. ಅಂದಿನ ನಿಜವಾದ ಪಂದ್ಯಗಳಲ್ಲಿ ಅವರು ಆಡಿದ ಆಟಕ್ಕೆ ತಕ್ಕಂತೆ ಅಂಕಗಳು ಬರುತ್ತವೆ. ತಂಡದ ಮೊತ್ತ ಕಾಲ್ಪನಿಕವಾದರೂ ಪ್ರವೇಶ ಶುಲ್ಕ ಮತ್ತು ಬಹುಮಾನ ಎರಡೂ ನಿಜವಾದ ಹಣ.

ಈ ಆಟದ ಸುತ್ತ ಸಲಹೆಯ ಒಂದು ಉದ್ಯಮವೇ ಬೆಳೆದಿದೆ. ಇಂದು ಯಾರನ್ನು ಆರಿಸಬೇಕು, ಯಾರನ್ನು ಬಿಡಬೇಕು ಎಂದು ಹೇಳುವವರಿಗೆ ಜನ ತಿಂಗಳ ಚಂದಾ ಕಟ್ಟುತ್ತಾರೆ. ಈ ತಜ್ಞರ ಜ್ಞಾನ ಟೊಳ್ಳು ಎಂದು ನಾನು ಹೇಳುತ್ತಿಲ್ಲ. ಅಂಕಿಅಂಶಗಳ ಅಧ್ಯಯನ ಬೇಸ್‌ಬಾಲ್‌ನಷ್ಟು ಆಳವಾಗಿ ನಡೆದಿರುವ ಕ್ರೀಡೆಗಳು ವಿರಳ. ಚೆಂಡು ಒಮ್ಮೆ ಮೈದಾನದೊಳಕ್ಕೆ ಹೊಡೆಯಲ್ಪಟ್ಟ ಮೇಲೆ ಅದು ಹಿಟ್ ಆಗುವುದೋ ಇಲ್ಲವೋ ಎಂಬುದರ ಮೇಲೆ ಪಿಚರ್‌ಗಿರುವ ಹಿಡಿತ ಬಹಳ ಕಡಿಮೆ ಎಂದು 2001ರಲ್ಲಿ ವೋರೋಸ್ ಮೆಕ್‌ಕ್ರಾಕನ್ ತೋರಿಸಿಕೊಟ್ಟರು. ಬಲಗೈ ಪಿಚರ್ ಎದುರು ಎಡಗೈ ಬ್ಯಾಟರ್‌ಗೆ ಅನುಕೂಲ ಹೆಚ್ಚು, ಕೆಲವು ಮೈದಾನಗಳಲ್ಲಿ ರನ್ ಹೆಚ್ಚು ಎಂಬಂತಹ ಮಾತುಗಳೂ ಸಾವಿರಾರು ಪಂದ್ಯಗಳಿಂದ ದೃಢಪಟ್ಟ ಸತ್ಯಗಳು.

ಸತ್ಯವೇನೋ ಹೌದು, ಆದರೆ ಸರಾಸರಿಯ ಸತ್ಯ. ಸ್ಪರ್ಧಿ ಆಡುವುದು ಒಂದೇ ದಿನದ ಆಟ. ಒಂದು ಸಣ್ಣ ಲೆಕ್ಕ ನೋಡಿ. ಹತ್ತು ಅವಕಾಶಗಳಲ್ಲಿ ಮೂರು ಬಾರಿ ಹಿಟ್ ಗಳಿಸುವವನು ಉತ್ತಮ ಬ್ಯಾಟರ್. ನಾಲ್ಕರಲ್ಲಿ ಒಂದು ಬಾರಿ ಗಳಿಸುವವನು ಸಾಧಾರಣದವನು. ಇಬ್ಬರಿಗೂ ದಿನಕ್ಕೆ ನಾಲ್ಕು ಅವಕಾಶ ಸಿಕ್ಕವು ಎನ್ನೋಣ. ಸಂಭವನೀಯತೆಯ ಸೂತ್ರದಂತೆ ಉತ್ತಮ ಬ್ಯಾಟರ್ 100 ದಿನಗಳಲ್ಲಿ ಸುಮಾರು 24 ದಿನ ಒಂದೂ ಹಿಟ್ ಇಲ್ಲದೆ ಮರಳುತ್ತಾನೆ. ಇಬ್ಬರನ್ನೂ ಹೋಲಿಸಿದರೆ 100 ದಿನಗಳಲ್ಲಿ ಉತ್ತಮನು ಮುಂದಿರುವುದು ಸುಮಾರು 40 ದಿನ, ಸಾಧಾರಣದವನು ಮುಂದಿರುವುದು ಸುಮಾರು 29 ದಿನ. ಉಳಿದ ದಿನಗಳಲ್ಲಿ ಇಬ್ಬರೂ ಸಮ. 162 ಪಂದ್ಯಗಳ ಋತುವಿನಲ್ಲಿ ಎದ್ದು ಕಾಣುವ ಅಂತರ ಒಂದು ಸಂಜೆಯಲ್ಲಿ ಹೀಗೆ ಮಸುಕಾಗುತ್ತದೆ. ಅದರ ಮೇಲೆ ಮಳೆ ಬಂದು ಪಂದ್ಯ ಮುಂದೆ ಹೋಗಬಹುದು. ಆರಿಸಿದ ಆಟಗಾರನಿಗೆ ತಂಡ ಅಂದು ವಿಶ್ರಾಂತಿ ನೀಡಬಹುದು. ಬೆಳಿಗ್ಗೆ ಬರೆದ ಸಲಹೆ ಸಂಜೆಗೆ ಹಳಸುತ್ತದೆ.

ಸಲಹೆಗೆ ಎರಡನೆಯ ಮಿತಿಯೊಂದಿದೆ. ಅರ್ಥಶಾಸ್ತ್ರದ ದೃಷ್ಟಿಯಿಂದ ಇದು ಹೆಚ್ಚು ಗಂಭೀರ. ಡೆನ್ವರ್ ನಗರ ಸಮುದ್ರ ಮಟ್ಟದಿಂದ ಸುಮಾರು ಒಂದು ಮೈಲಿ ಎತ್ತರದಲ್ಲಿದೆ. ಅಲ್ಲಿನ ಕೂರ್ಸ್ ಫೀಲ್ಡ್ ಮೈದಾನದ ತೆಳು ಗಾಳಿಯಲ್ಲಿ ಚೆಂಡು ಹೆಚ್ಚು ದೂರ ಹಾರುತ್ತದೆ. ಆದ್ದರಿಂದ ಅಲ್ಲಿ ಆಡುವ ಬ್ಯಾಟರ್‌ಗಳನ್ನು ಆರಿಸಿ ಎಂಬುದು ತಜ್ಞರ ಸಾಮಾನ್ಯ ಸಲಹೆ. ಸಲಹೆ ಸರಿಯಾದದ್ದೇ. ಆದರೆ ಆಟ ನಡೆಸುವ ಸಂಸ್ಥೆಗೂ ಅದು ಗೊತ್ತು. ಅದು ಆ ಆಟಗಾರರ ಬೆಲೆಯನ್ನು ಏರಿಸಿರುತ್ತದೆ. ಎದುರಾಳಿಗಳಿಗೂ ಗೊತ್ತು, ಅವರೂ ಅವರನ್ನೇ ಆರಿಸಿರುತ್ತಾರೆ. ಸಾವಿರಾರು ಜನ ಸೇರಿ ಮೊದಲ ಕೆಲವರಿಗಷ್ಟೇ ದೊಡ್ಡ ಬಹುಮಾನ ಸಿಗುವ ಸ್ಪರ್ಧೆಯಲ್ಲಿ ಎಲ್ಲರೂ ಆರಿಸಿದ ಆಟಗಾರ ಮಿಂಚಿದರೂ ಯಾರೂ ಮುಂದೆ ಹೋಗುವುದಿಲ್ಲ. ಕೇನ್ಸ್ 1936ರಲ್ಲಿ ಷೇರುಪೇಟೆಯನ್ನು ಪತ್ರಿಕೆಯ ಸೌಂದರ್ಯ ಸ್ಪರ್ಧೆಗೆ ಹೋಲಿಸಿದ್ದರು. ಅಲ್ಲಿ ಗೆಲ್ಲುವುದು ನಿಜವಾದ ಸುಂದರಿಯನ್ನು ಗುರುತಿಸಿದವನಲ್ಲ, ಇತರರು ಯಾರನ್ನು ಆರಿಸುವರೆಂದು ಊಹಿಸಿದವನು. ಇಲ್ಲಿಯಂತೂ ಊಹಿಸಿದರಷ್ಟೇ ಸಾಲದು, ಅವರಿಂದ ಭಿನ್ನವಾಗಿ ಆರಿಸಿಯೂ ಗೆಲ್ಲಬೇಕು. ಸಾವಿರಾರು ಚಂದಾದಾರರಿಗೆ ಒಂದೇ ಮುಂಜಾನೆ ತಲುಪುವ ಗುಟ್ಟು ಗುಟ್ಟಾಗಿ ಉಳಿಯುವುದೆಂತು?

ಮೂರನೆಯದು ದಲ್ಲಾಳಿಯ ಪಾಲು. ಸಂಸ್ಥೆ ಶುಲ್ಕದ ಸುಮಾರು 10 ಪ್ರತಿಶತವನ್ನು ತಾನು ಇರಿಸಿಕೊಳ್ಳುತ್ತದೆ ಎಂದುಕೊಳ್ಳಿ. ಇಬ್ಬರು ತಲಾ 10 ಡಾಲರ್ ಹಾಕಿದರೆ ಗೆದ್ದವನಿಗೆ ಸಿಗುವುದು 18. ಅಂದರೆ ಗಂಟು ಕರಗದಿರಬೇಕಾದರೂ ನೂರರಲ್ಲಿ 56 ಬಾರಿ ಗೆಲ್ಲಬೇಕು. ಸಲಹೆಯಿಂದ ಸಿಗುವ ಅಲ್ಪ ಅನುಕೂಲವನ್ನು ಈ ಪಾಲು ನುಂಗುತ್ತದೆ. ಅದರ ಮೇಲೆ ಚಂದಾ ಬೇರೆ.

ಹಾಗಾದರೆ ಗೆಲ್ಲುವವರು ಯಾರು? ಮೆಕಿನ್ಸಿ ಸಂಸ್ಥೆಯ ವಿಶ್ಲೇಷಣೆಯಂತೆ 2015ರ ಬೇಸ್‌ಬಾಲ್ ಋತುವಿನ ಮೊದಲಾರ್ಧದಲ್ಲಿ ಸ್ಪರ್ಧಿಗಳು ಗಳಿಸಿದ ಲಾಭದ 91 ಪ್ರತಿಶತ ಕೇವಲ 1.3 ಪ್ರತಿಶತ ಸ್ಪರ್ಧಿಗಳ ಪಾಲಾಗಿತ್ತು. ಆಟದಲ್ಲಿ ಕೌಶಲವಿದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ. ಆದರೆ ಆ ಕೌಶಲ ಇರುವುದು ಸ್ವಂತ ಗಣಕ ಮಾದರಿಗಳಲ್ಲಿ, ಒಂದೇ ಸ್ಪರ್ಧೆಗೆ ಹತ್ತಾರು, ಕೆಲವೊಮ್ಮೆ ನೂರಕ್ಕೂ ಮಿಕ್ಕಿ ತಂಡಗಳನ್ನು ಇಳಿಸುವ ಬಂಡವಾಳದಲ್ಲಿ, ಸೋಲನ್ನು ತಿಂಗಳುಗಟ್ಟಲೆ ತಾಳಿಕೊಳ್ಳುವ ಶಕ್ತಿಯಲ್ಲಿ. ಚಂದಾ ಹಣಕ್ಕೆ ಇವಾವುವೂ ದೊರೆಯುವುದಿಲ್ಲ. ಹೊಸ ಸ್ಪರ್ಧಿಗಳನ್ನು ಕರೆತಂದ ಸಲಹೆಗಾರರಿಗೆ ಆಟದ ಸಂಸ್ಥೆಗಳು ಕಮಿಷನ್ ಕೊಡುವ ಪದ್ಧತಿಯೂ ಇದೆ. ಸೋತವನ ನಷ್ಟದಲ್ಲಿ ಸಲಹೆಗಾರನಿಗೆ ಪಾಲಿಲ್ಲ.

ಇದು ಹೊಸ ಕಥೆಯೇನಲ್ಲ. ಆಲ್‌ಫ್ರೆಡ್ ಕೌಲ್ಸ್ 1933ರಲ್ಲಿ ಅಮೆರಿಕದ ಷೇರುಪೇಟೆಯ ಭವಿಷ್ಯಕಾರರ ಸಲಹೆಗಳನ್ನು ಪರಿಶೀಲಿಸಿ, ಅವುಗಳ ಫಲಕ್ಕೂ ಕೇವಲ ಅದೃಷ್ಟದ ಫಲಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ ಎಂಬ ನಿಲುವಿಗೆ ಬಂದಿದ್ದರು. ಆದರೂ ಸಲಹೆಯ ಬೇಡಿಕೆ ಕುಗ್ಗಲಿಲ್ಲ. ಅನಿಶ್ಚಿತತೆಯ ಎದುರು ಒಂಟಿಯಾಗಿ ನಿಲ್ಲಲು ಮನುಷ್ಯ ಅಂಜುತ್ತಾನೆ. ಜೊತೆಗೊಂದು ದೃಢವಾದ ಧ್ವನಿ ಬೇಕೆನ್ನುತ್ತಾನೆ.

ಸರ್ಕಾರಿ ಸೇವೆಯಲ್ಲಿದ್ದಾಗ ನಾನು ಅನೇಕ ತಜ್ಞ ವರದಿಗಳನ್ನು ಓದಿದ್ದೇನೆ. ಮಳೆ ವಾಡಿಕೆಯಷ್ಟಾಗುತ್ತದೆ ಎಂಬ ಮುನ್ಸೂಚನೆ ರಾಜ್ಯದ ಮಟ್ಟಿಗೆ ನಿಜವಾದ ವರ್ಷದಲ್ಲಿಯೂ ಒಂದೊಂದು ಹೋಬಳಿ ಒಣಗಿ ನಿಂತದ್ದನ್ನು ಕಂಡಿದ್ದೇನೆ. ಮುನ್ಸೂಚನೆ ತಪ್ಪಾಗಿರಲಿಲ್ಲ, ಆದರೆ ಆ ಹೋಬಳಿಯ ರೈತನಿಗೆ ಅದು ಉತ್ತರವೂ ಆಗಿರಲಿಲ್ಲ. ನನಗೆ ಉಪಯುಕ್ತವೆನಿಸಿದವು ‘ಹೀಗೆಯೇ ಆಗುತ್ತದೆ’ ಎಂದ ವರದಿಗಳಲ್ಲ. ‘ಇಷ್ಟು ಗೊತ್ತು, ಇದಕ್ಕಿಂತ ಮುಂದೆ ಗೊತ್ತಿಲ್ಲ, ಅದಕ್ಕಾಗಿ ಇಷ್ಟು ಸಿದ್ಧತೆ ಇರಲಿ’ ಎಂದವು. ಪ್ರಾಮಾಣಿಕ ತಜ್ಞನ ಲಕ್ಷಣ ಇದು. ಆದರೆ ಇಂಥ ಮಾತಿಗೆ ಚಂದಾದಾರರು ಸಿಗುವುದು ಕಷ್ಟ.

ದೂರದ ಬೇಸ್‌ಬಾಲ್ ನಮಗೇಕೆ ಎನ್ನುವಂತಿಲ್ಲ. ಅಮೆರಿಕದ 2006ರ ಕಾನೂನು ಫ್ಯಾಂಟಸಿ ಆಟಕ್ಕೆ ವಿನಾಯಿತಿ ಕೊಟ್ಟದ್ದು, ಗೆಲುವು ಸ್ಪರ್ಧಿಗಳ ಜ್ಞಾನ ಮತ್ತು ಕೌಶಲವನ್ನು ಬಿಂಬಿಸಬೇಕೆಂಬ ಷರತ್ತಿನ ಮೇಲೆ. ನಮ್ಮಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2017ರಲ್ಲಿ ಡ್ರೀಮ್11 ಆಟವನ್ನು ಕೌಶಲದ ಆಟವೆಂದೇ ಪರಿಗಣಿಸಿತು. ಕ್ರಿಕೆಟ್‌ನ ಫ್ಯಾಂಟಸಿ ತಂಡಕ್ಕೂ ಸಲಹೆಗಾರರು ಹುಟ್ಟಿಕೊಂಡರು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಡ್ರೀಮ್11 ತನ್ನ ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು. ನಿಷೇಧದ ಸರಿತಪ್ಪು ಬೇರೆಯೇ ಚರ್ಚೆ.

ಕೌಶಲವೋ ಅದೃಷ್ಟವೋ ಎಂಬುದು ನ್ಯಾಯಾಲಯಗಳ ಮುಂದಿನ ಪ್ರಶ್ನೆ. ಹಣ ಕಟ್ಟುವವನು ಕೇಳಬೇಕಾದ ಪ್ರಶ್ನೆ ಬೇರೆ: ಕೌಶಲ ಯಾರದು? ಅದು ಎದುರಾಳಿಯದಾಗಿದ್ದರೆ, ಆಟ ಕೌಶಲದ್ದಾಗಿರುವುದೇ ಅವನಿಗೆ ಅಪಾಯ. ಸಲಹೆ ಮಾರುವವರ ಬಳಿ, ಅದು ಬೇಸ್‌ಬಾಲ್‌ನದಿರಲಿ ಷೇರಿನದಿರಲಿ, ಇನ್ನೂ ಎರಡು ಮಾತು ಕೇಳಿಬಿಡಬೇಕು. ಇದೇ ಸಲಹೆಯನ್ನು ಇನ್ನೆಷ್ಟು ಜನರಿಗೆ ಕೊಟ್ಟಿದ್ದೀರಿ? ಅದು ಹುಸಿಯಾದರೆ ನೀವು ಕಳೆದುಕೊಳ್ಳುವುದೇನು?